ನಾಚುವ ಶಿಲೆ ಮತ್ತು ಪರಕಾಯ ಪ್ರವೇಶದ ರಾಜಕಾರಣ

1

ಆಟಗಳನ್ನು ಕುರಿತ ಅಧ್ಯಯನ ಕನ್ನಡ ವಿದ್ವತ್ ವಲಯಕ್ಕೆ ಹೊಸದೇನಲ್ಲ. ಚೌಕಾಬಾರ, ಅಳಗುಳಿಮನೆ, ಕುಂಟೆಬಿಲ್ಲೆ, ಚಿನ್ನಿದಾಂಡು ಮೊದಲಾದ ಆಟಗಳ ನಿಯಮಗಳನ್ನು ಜಾನಪದ ವಿದ್ವಾಂಸರು ದಾಖಲಿಸಿದ್ದಾರೆ. ಆಟದ ನಿಯಮಗಳಲ್ಲಿ ಒಂದು ಸಮುದಾಯದ ಲೋಕದೃಷ್ಟಿ ಅಡಗಿರುತ್ತದೆ ಎಂಬ ತಿಳಿವಳಿಕೆಯೇ ಆ ದಾಖಲಾತಿಯ ಹಿಂದಿನ ಪ್ರೇರಣೆ. ಆದರೆ ಇದೇ ತಿಳಿವಳಿಕೆಯನ್ನು ತೆರೆಯ ಮೇಲೆ ಆಡುವ ವಿಡಿಯೋ ಆಟಗಳಿಗೆ ಅನ್ವಯಿಸುವ ಉತ್ಸಾಹ ಅಷ್ಟಾಗಿ ಕಂಡುಬಂದಿಲ್ಲ. ಅವು ಮಕ್ಕಳ ಕಾಲಹರಣದ ಸಾಧನಗಳು, ಮಾರುಕಟ್ಟೆಯ ಸರಕುಗಳು ಎಂಬ ತೀರ್ಮಾನ ಮೊದಲೇ ಸಿದ್ಧವಾಗಿರುವುದರಿಂದ ಅವುಗಳನ್ನು ಪಠ್ಯವೆಂದು ಎದುರುಗೊಳ್ಳುವ ಅಗತ್ಯವೇ ಬೀಳುವುದಿಲ್ಲ. ಸರಕು ಎಂಬ ಕಾರಣಕ್ಕೆ ಒಂದು ಕೃತಿಯನ್ನು ಓದದೆ ಬಿಡುವುದಾದರೆ ಜನಪ್ರಿಯ ಕಾದಂಬರಿಯನ್ನೂ ಸಿನಿಮಾವನ್ನೂ ಓದುವಂತಿಲ್ಲ. ಆ ಎರಡರ ವಿಷಯದಲ್ಲಿ ಕನ್ನಡ ವಿಮರ್ಶೆ ಈ ಹಿಂಜರಿಕೆಯನ್ನು ದಾಟಿ ಬಹಳ ಕಾಲವಾಯಿತು.

ಈ ಹಿನ್ನೆಲೆಯಲ್ಲಿ ಒಂದು ಆಟದ ಒಂದು ಚಿಕ್ಕ ಪಾತ್ರವನ್ನು ಪರಿಶೀಲಿಸುವುದು ಉಪಯುಕ್ತ. ಜಪಾನಿನ ನಿಂಟೆಂಡೊ ಸಂಸ್ಥೆ 2017ರ ಅಕ್ಟೋಬರ್ 27ರಂದು ಬಿಡುಗಡೆ ಮಾಡಿದ 'ಸೂಪರ್ ಮಾರಿಯೋ ಒಡಿಸ್ಸಿ' ಎಂಬ ಆಟದಲ್ಲಿ 'ಮೋ-ಐ' ಎಂಬ ಜೀವಿಯೊಂದಿದೆ. ಅದು ಕಲ್ಲಿನ ವಿಗ್ರಹದ ರೂಪದಲ್ಲಿದೆ, ಕಪ್ಪು ಕನ್ನಡಕ ಧರಿಸುತ್ತದೆ, ಯಾರಾದರೂ ಹತ್ತಿರ ಬಂದರೆ ಬೆದರಿ ಓಡುತ್ತದೆ. ಆಟಗಾರನು ಅದರ ದೇಹವನ್ನು ವಶಪಡಿಸಿಕೊಂಡು, ಅದರ ಕಣ್ಣುಗಳ ಮೂಲಕ ನೋಡಬಹುದು. ಕತೆಯ ಮುಖ್ಯ ಓಟದಲ್ಲಿ ಅದಕ್ಕೆ ದೊಡ್ಡ ಸ್ಥಾನವಿಲ್ಲ. ಆಡುವವರು ಕಂಡು, ನಕ್ಕು, ಬಳಸಿ, ಮುಂದೆ ಸಾಗುತ್ತಾರೆ. ಆದರೆ ಈ ಪಾತ್ರದ ನಾಚಿಕೆ ಕೇವಲ ತಮಾಷೆಯಲ್ಲ. ಆ ಜೀವಿಗೆ ಸ್ವಂತ ಇಚ್ಛೆಯೊಂದಿದೆ ಎಂಬುದಕ್ಕೆ ಆಟ ಉಳಿಸಿಕೊಟ್ಟಿರುವ ಒಂದೇ ಒಂದು ಸಾಕ್ಷ್ಯ ಅದು. ಆ ಸಾಕ್ಷ್ಯವನ್ನು ನಿರಾಕರಣೆಯೆಂದು ಓದದೆ, ದಾಟಬೇಕಾದ ಅಡಚಣೆಯೆಂದು ಮಾತ್ರ ಓದುವಂತೆ ಆಟದ ನಿಯಮಗಳು ಆಟಗಾರನನ್ನು ಪಳಗಿಸುತ್ತವೆ. ವಿಮರ್ಶೆಯ ಕೆಲಸ ಆರಂಭವಾಗಬೇಕಾದುದು ಇಲ್ಲಿಂದಲೇ.

2

ಆಟದ ಸ್ವರೂಪವನ್ನು ಅರಿಯದವರಿಗಾಗಿ ಕೆಲವು ವಿವರಗಳು ಅಗತ್ಯ. ಮಾರಿಯೋ ಆಟಗಳು 'ಪ್ಲಾಟ್‌ಫಾರ್ಮ್' ಎಂಬ ಪ್ರಕಾರಕ್ಕೆ ಸೇರಿದವು. ಒಂದು ಹಾಸಿನಿಂದ ಇನ್ನೊಂದು ಹಾಸಿಗೆ ಜಿಗಿಯುತ್ತ, ಕಂದರಗಳನ್ನು ದಾಟುತ್ತ, ಎದುರಾದವರನ್ನು ತುಳಿಯುತ್ತ ಸಾಗುವುದು ಈ ಪ್ರಕಾರದ ಲಕ್ಷಣ. 'ಒಡಿಸ್ಸಿ'ಯ ಕಥಾವಸ್ತು ಪರಿಚಿತವಾದುದೇ. ಬೌಸರ್ ಎಂಬ ಖಳನು ರಾಜಕುಮಾರಿ ಪೀಚ್‌ಳನ್ನು ಅಪಹರಿಸಿ ಬಲವಂತದ ಮದುವೆಗೆ ಸಿದ್ಧತೆ ನಡೆಸುತ್ತಾನೆ. ಮಾರಿಯೋ ಅವಳನ್ನು ಬಿಡಿಸಲು ಹೊರಡುತ್ತಾನೆ. ಅವನ ಜೊತೆಗಾರ ಕ್ಯಾಪಿ ಎಂಬ ಟೋಪಿ. ಟೋಪಿಯೇ ಒಂದು ಜೀವಿ. ಅದರ ತಂಗಿ ಟಿಯಾರಾಳನ್ನೂ ಬೌಸರ್ ಹೊತ್ತೊಯ್ದಿದ್ದಾನೆ.

ಈ ಆಟದ ಹೊಸತನವಿರುವುದು ಟೋಪಿಯಲ್ಲಿ. ಮಾರಿಯೋ ತನ್ನ ಟೋಪಿಯನ್ನು ಎದುರಿನ ಜೀವಿಯ ತಲೆಗೆ ಎಸೆದರೆ, ಅವನು ಆ ಜೀವಿಯ ದೇಹದೊಳಗೆ ಸೇರಿಕೊಳ್ಳುತ್ತಾನೆ. ಆ ಕ್ಷಣದಿಂದ ಆ ದೇಹದ ಶಕ್ತಿಯೆಲ್ಲ ಆಟಗಾರನದು. ಕಪ್ಪೆಯಾದರೆ ಎತ್ತರಕ್ಕೆ ಜಿಗಿಯಬಹುದು, ಗುಂಡಾದರೆ ಹಾರಬಹುದು. ವಶವಾದ ಜೀವಿಯ ತಲೆಯ ಮೇಲೆ ಮಾರಿಯೋನ ಕೆಂಪು ಟೋಪಿ ಕೂರುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ ಅದರ ಮುಖದ ಮೇಲೆ ಮಾರಿಯೋನ ಮೀಸೆಯೂ ಮೂಡುತ್ತದೆ. ಈಗಾಗಲೇ ಟೋಪಿ ಧರಿಸಿರುವ ಜೀವಿಯನ್ನು ವಶಪಡಿಸಿಕೊಳ್ಳಲಾಗದು, ಮೊದಲು ಅದರ ಟೋಪಿಯನ್ನು ಬೀಳಿಸಬೇಕು. ಕನ್ನಡದಲ್ಲಿ 'ಟೋಪಿ ಹಾಕುವುದು' ಎಂಬ ನುಡಿಗಟ್ಟಿಗಿರುವ ಅರ್ಥ ಈ ಆಟವನ್ನು ರೂಪಿಸಿದವರಿಗೆ ತಿಳಿದಿರಲಾರದು. ಆದರೂ ಆಟದ ಮುಖ್ಯ ಕ್ರಿಯೆಯ ಸ್ವರೂಪವನ್ನು ಆ ನುಡಿಗಟ್ಟು ಚೆನ್ನಾಗಿಯೇ ಹಿಡಿದಿಡುತ್ತದೆ.

ಮೋ-ಐ ಕಾಣಸಿಗುವುದು ಮರಳಿನ ರಾಜ್ಯದಲ್ಲಿ. ಈ ರಾಜ್ಯದ ಪಟ್ಟಣದ ಹೆಸರು ಟೋಸ್ಟರೇನಾ. ಇದನ್ನು ಮೆಕ್ಸಿಕೋದ ಛಾಯೆಯಲ್ಲಿ ಕಟ್ಟಲಾಗಿದೆ. ನಿವಾಸಿಗಳು ಮೆಕ್ಸಿಕೋದ ಪಿತೃದಿನದ ಆಚರಣೆಯನ್ನು ನೆನಪಿಸುವ ತಲೆಬುರುಡೆಯ ಆಕೃತಿಗಳು. ಅವರ ತಲೆಯ ಮೇಲೆ ಅಗಲ ಅಂಚಿನ ಸೊಂಬ್ರೆರೊ ಟೋಪಿಗಳಿವೆ. ತಲೆಕೆಳಗಾದ ಪಿರಮಿಡ್ಡೊಂದು ಅಲ್ಲಿದೆ. ಇಂತಹ ಪರಿಸರದ ಒಂದು ಮೂಲೆಯಲ್ಲಿ ಮೋ-ಐಗಳ ನೆಲೆಯಿದೆ. ಮಾರಿಯೋ ಸಮೀಪಿಸಿದರೆ ಅವು ಓಡುತ್ತವೆ. ಓಡಿ ತಪ್ಪಿಸಿಕೊಳ್ಳುವ ಮೊದಲು ಟೋಪಿ ತಲೆಗೆ ತಾಗಿದರೆ ಅವು ಆಟಗಾರನ ವಶ. ಅನಂತರ ಗುಂಡಿಯೊಂದನ್ನು ಒತ್ತಿ ಕಪ್ಪು ಕನ್ನಡಕವನ್ನು ಕಣ್ಣಿಗೇರಿಸಿದರೆ, ಬರಿಗಣ್ಣಿಗೆ ಕಾಣದ ಹಾಸುಗಳೂ ಹಾದಿಗಳೂ ಗೋಚರಿಸುತ್ತವೆ. ಆ ಹಾದಿಯಲ್ಲಿ ನಡೆದು, ಬೇಕಾದ ವಸ್ತುವನ್ನು ಪಡೆದು, ಆಟಗಾರನು ಆ ದೇಹವನ್ನು ಬಿಟ್ಟು ಹೊರಬರುತ್ತಾನೆ.

ಇದೇ ಮರಳಿನ ರಾಜ್ಯದಲ್ಲಿ ಇನ್ನೆರಡು ಸಂಗತಿಗಳಿವೆ. ಅವುಗಳನ್ನು ಮೋ-ಐ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದು, ಬೌಸರ್ ತನ್ನ ಮದುವೆಗಾಗಿ ಈ ರಾಜ್ಯದ ಪವಿತ್ರ ಉಂಗುರವನ್ನು ಕದ್ದೊಯ್ದಿರುವುದು. ಇತರ ರಾಜ್ಯಗಳಲ್ಲಿಯೂ ಅವನು ಉಡುಪು, ಹೂಗುಚ್ಛ, ಪಾನೀಯ ಮುಂತಾದ ಆಯಾ ನೆಲದ ಹೆಮ್ಮೆಯ ವಸ್ತುಗಳನ್ನು ದೋಚುತ್ತಾನೆ. ಎರಡನೆಯದು, ಜಾಕ್ಸಿ ಎಂಬ ಕಲ್ಲಿನ ಮೃಗ. ಅದರ ಬೆನ್ನೇರಿ ಮರುಭೂಮಿಯಲ್ಲಿ ಓಡಾಡಬಹುದು, ಆದರೆ ಅದಕ್ಕೆ ನಾಣ್ಯ ತೆರಬೇಕು. ಒಂದೇ ರಾಜ್ಯದಲ್ಲಿ ಹೀಗೆ ಮೂರು ಬಗೆಯ ಪಡೆಯುವಿಕೆಗಳಿವೆ. ವಸ್ತುವನ್ನು ಕದ್ದರೆ ಖಳತನ. ಕಲ್ಲಿನ ಮೃಗದ ಶ್ರಮವನ್ನು ಬಳಸಿದರೆ ಬಾಡಿಗೆ. ಓಡಿಹೋಗುವ ಕಲ್ಲಿನ ಜೀವಿಯ ದೇಹವನ್ನೇ ತೆಗೆದುಕೊಂಡರೆ ಕೌಶಲ. ಈ ಮೂರರ ನಡುವಿನ ಅಂತರವನ್ನು ಆಟ ಎಲ್ಲಿಯೂ ವಿವರಿಸುವುದಿಲ್ಲ. ಆ ಅಂತರ ಸಹಜವೆಂಬಂತೆ ನಡೆದುಕೊಳ್ಳುತ್ತದೆ.

3

'ಮೋ-ಐ' ಎಂಬ ಹೆಸರು ಒಂದು ಶ್ಲೇಷೆ. ಇಂಗ್ಲಿಷಿನಲ್ಲಿ 'ಐ' ಎಂದರೆ ಕಣ್ಣು. ಎರಡನ್ನೂ ಕೂಡಿಸಿ ಉಚ್ಚರಿಸಿದರೆ 'ಮೊಆಯಿ' ಎಂಬ ಧ್ವನಿ ಬರುತ್ತದೆ. ಮೊಆಯಿ ಎಂಬುದು ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದ ಶಿಲಾವಿಗ್ರಹಗಳ ಹೆಸರು. ಡಚ್ ನಾವಿಕ ಯಾಕೊಬ್ ರೊಗ್ಗೆವೇನ್ 1722ರ ಈಸ್ಟರ್ ಭಾನುವಾರದಂದು ಈ ದ್ವೀಪವನ್ನು ಕಂಡ ಕಾರಣ ಹೊರಜಗತ್ತಿಗೆ ಅದು 'ಈಸ್ಟರ್ ದ್ವೀಪ'ವಾಯಿತು. ಚಿಲಿಯ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 3,500 ಕಿ.ಮೀ. ದೂರದಲ್ಲಿ ಸುಮಾರು 163 ಚದರ ಕಿ.ಮೀ. ವಿಸ್ತಾರದ ಈ ನೆಲದಲ್ಲಿ ಪಾಲಿನೇಷ್ಯಾ ಮೂಲದ ಜನ 900ಕ್ಕೂ ಹೆಚ್ಚು ವಿಗ್ರಹಗಳನ್ನು ಕಡೆದರು. ಅವುಗಳಲ್ಲಿ ಬಹುಪಾಲು ರಾನೊ ರರಾಕು ಎಂಬ ಜ್ವಾಲಾಮುಖಿಯ ಕಲ್ಲುಗಣಿಯಲ್ಲಿ ರೂಪುಗೊಂಡವು. ಸುಮಾರು 400 ವಿಗ್ರಹಗಳು ಇಂದಿಗೂ ಅಲ್ಲಿಯೇ ಇವೆ.

ಇವು ಅಲಂಕಾರದ ಶಿಲ್ಪಗಳಲ್ಲ, ಕುಲದ ಪೂರ್ವಜರ ಮುಖಗಳು. ಸಮುದ್ರತೀರದ 'ಆಹು' ಎಂಬ ಕಲ್ಲಿನ ಜಗಲಿಗಳ ಮೇಲೆ ಅವುಗಳನ್ನು ನಿಲ್ಲಿಸಲಾಗುತ್ತಿತ್ತು. ಕಡಲಿಗೆ ಬೆನ್ನು ಮಾಡಿ, ಊರಿನ ಕಡೆಗೆ ಮುಖ ಮಾಡಿ ನಿಲ್ಲುವುದು ವಾಡಿಕೆ. ಕೆಲವು ಅಪವಾದಗಳೂ ಇವೆ. ತಮ್ಮ ಜನರನ್ನು ನೋಡುತ್ತ ಅವರಿಗೆ 'ಮನ' ಎಂಬ ಶಕ್ತಿಯನ್ನು ನೀಡುವುದು ಅವುಗಳ ಕಾರ್ಯವೆಂಬ ನಂಬಿಕೆ ಅಲ್ಲಿಯದು. ಗಣಿಯಿಂದ ಜಗಲಿಯವರೆಗೆ ವಿಗ್ರಹಗಳು ಸ್ವತಃ ನಡೆದು ಬಂದವು ಎಂದು ದ್ವೀಪದ ಮೌಖಿಕ ಪರಂಪರೆ ಹೇಳುತ್ತದೆ. ಪುರಾತತ್ತ್ವಜ್ಞರಾದ ಟೆರ್ರಿ ಹಂಟ್ ಮತ್ತು ಕಾರ್ಲ್ ಲಿಪೊ ನಡೆಸಿದ ಪ್ರಯೋಗವೊಂದರಲ್ಲಿ 18 ಮಂದಿ ಮೂರು ಹಗ್ಗಗಳ ನೆರವಿನಿಂದ ನಾಲ್ಕು ಟನ್ನಿಗೂ ಹೆಚ್ಚು ಭಾರದ ಪ್ರತಿಕೃತಿಯನ್ನು ನಿಂತಂತೆಯೇ ಅತ್ತಿತ್ತ ವಾಲಿಸುತ್ತ ಮುಂದೆ ನಡೆಸಿ ತೋರಿಸಿದರು. ಇದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅಂದರೆ ನಡೆಯುವ ಶಿಲೆಯ ಕಲ್ಪನೆ ನಿಂಟೆಂಡೊದ ಆವಿಷ್ಕಾರವಲ್ಲ. ಅದು ರಾಪಾ ನುಯಿ ಜನರ ಕಥನದಲ್ಲಿ ಮೊದಲೇ ಇದ್ದುದು. ಆಟ ಸೇರಿಸಿದ್ದು ನಡೆಯುವ ದಿಕ್ಕನ್ನು. ಅಲ್ಲಿ ವಿಗ್ರಹ ತನ್ನ ಜನರ ಬಳಿಗೆ ನಡೆಯಿತು, ಇಲ್ಲಿ ಅದು ಬಂದವನಿಂದ ದೂರ ಓಡುತ್ತದೆ.

ಬಂದವರಿಂದ ದೂರ ಓಡಲು ಆ ದ್ವೀಪದ ಚರಿತ್ರೆಯಲ್ಲಿ ಬೇಕಾದಷ್ಟು ಕಾರಣಗಳಿದ್ದವು. ರೊಗ್ಗೆವೇನನ ತಂಡದ ಗುಂಡಿಗೆ ದ್ವೀಪವಾಸಿಗಳು ಬಲಿಯಾದರು. 1862-63ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳ ಹಡಗುಗಳು ಸುಮಾರು 1,500 ಜನರನ್ನು ಹಿಡಿದೊಯ್ದವು. ಮರಳಿ ಬಂದ ಕೆಲವೇ ಮಂದಿಯೊಡನೆ ಸಿಡುಬು ಬಂತು. 1877ರ ವೇಳೆಗೆ ಉಳಿದವರು 111 ಮಂದಿ. ದ್ವೀಪದ ರೊಂಗೊರೊಂಗೊ ಲಿಪಿ ಇಂದಿಗೂ ಓದಲಾಗದೆ ಉಳಿದಿರುವುದಕ್ಕೆ ಈ ಜನಕ್ಷಯವೂ ಒಂದು ಕಾರಣ. 1868ರಲ್ಲಿ ಬ್ರಿಟಿಷ್ ನೌಕೆ 'ಟೋಪೇಜ್' ಓರೊಂಗೊ ಎಂಬಲ್ಲಿಂದ ಹೋಆ ಹಕನನೈಆ ಎಂಬ ವಿಗ್ರಹವನ್ನು ಕೊಂಡೊಯ್ದಿತು. ಅದು ವಿಕ್ಟೋರಿಯಾ ರಾಣಿಯ ಮೂಲಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿತು. ಈ ಹೆಸರನ್ನು 'ಕದ್ದೊಯ್ದ ಗೆಳೆಯ' ಎಂದೂ 'ಮರೆಮಾಡಿದ ಗೆಳೆಯ' ಎಂದೂ ಅರ್ಥೈಸಲಾಗುತ್ತದೆ. 1888ರಲ್ಲಿ ಚಿಲಿ ದ್ವೀಪವನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಮುಂದಿನ ದಶಕಗಳಲ್ಲಿ ನೆಲದ ಬಹುಭಾಗ ಕುರಿ ಸಾಕಣೆಯ ಕಂಪನಿಯ ಪಾಲಾಗಿ, ಮೂಲ ಜನರು ಹಂಗಾ ರೋಆ ಎಂಬ ಒಂದೇ ಊರಿಗೆ ಸೀಮಿತರಾದರು. ಅವರಿಗೆ ಚಿಲಿಯ ಪೌರತ್ವ ದೊರೆತದ್ದು 1966ರಲ್ಲಿ.

ಹಿಡಿಯುವುದು, ಒಯ್ಯುವುದು, ಬೇರೆಡೆ ಇರಿಸುವುದು, ಈ ಮೂರು ಕ್ರಿಯೆಗಳು ಆ ದ್ವೀಪದ ಆಧುನಿಕ ಚರಿತ್ರೆಯ ಮುಖ್ಯ ಕ್ರಿಯೆಗಳು. ಆಟದ ಮೋ-ಐ ಕೂಡ ಇವೇ ಮೂರಕ್ಕೆ ಒಳಪಟ್ಟಿದೆ. ಅದನ್ನು ಹಿಡಿಯಲಾಗುತ್ತದೆ. ಬೇಕಾದಲ್ಲಿಗೆ ನಡೆಸಲಾಗುತ್ತದೆ. ಅದನ್ನು ಇರಿಸಿರುವುದು ದ್ವೀಪದಲ್ಲಲ್ಲ, ಮೆಕ್ಸಿಕೋವನ್ನು ಹೋಲುವ ಮರುಭೂಮಿಯಲ್ಲಿ. ರಾಪಾ ನುಯಿಗೂ ಮೆಕ್ಸಿಕೋಗೂ ಭಾಷೆಯಲ್ಲಾಗಲಿ ವಂಶದಲ್ಲಾಗಲಿ ಸಂಬಂಧವಿಲ್ಲ. 'ಪ್ರಾಚೀನ', 'ನಿಗೂಢ', 'ದೂರದ' ಎಂಬ ವಿಶೇಷಣಗಳು ಮಾತ್ರ ಎರಡನ್ನೂ ಒಂದೇ ಮರಳಿನಲ್ಲಿ ನಿಲ್ಲಿಸಿವೆ. ವಸಾಹತುಶಾಹಿ ಸಂಕಥನದಲ್ಲಿ 'ಅನ್ಯ'ರೆಲ್ಲರೂ ಒಂದೇ ಆಗಿ ಕಾಣುವ ಕ್ರಮಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ದೊರೆಯುವುದು ಕಷ್ಟ.

4

ಹೆಸರಿನಲ್ಲಿರುವ ಶ್ಲೇಷೆ ಕಣ್ಣಿಗೆ ಸಂಬಂಧಿಸಿದುದು ಎಂಬುದು ಗಮನಾರ್ಹ. ಮೊಆಯಿಗಳ ವಿಷಯದಲ್ಲಿ ಕಣ್ಣು ಕೇಂದ್ರ ಪ್ರಶ್ನೆ. ಗಣಿಯಲ್ಲಿ ಉಳಿದಿರುವ ವಿಗ್ರಹಗಳಿಗೆ ಕಣ್ಣಿನ ಗುಳಿಗಳಿಲ್ಲ. ಜಗಲಿಯನ್ನು ತಲುಪಿದ ಮೇಲೆ ಮಾತ್ರ ಗುಳಿಗಳನ್ನು ಕಡೆಯಲಾಗುತ್ತಿತ್ತು. 1978ರಲ್ಲಿ ಅನಾಕೆನಾ ಎಂಬಲ್ಲಿ ನಡೆದ ಉತ್ಖನನದಲ್ಲಿ ಬಿಳಿಯ ಹವಳದ ಕಣ್ಣೊಂದು ದೊರೆತಾಗ, ಆ ಗುಳಿಗಳು ಖಾಲಿಯಾಗಿರಲಿಲ್ಲವೆಂಬುದು ಖಚಿತವಾಯಿತು. ಬಿಳಿಯ ಹವಳದ ನಡುವೆ ಕೆಂಪು ಜ್ವಾಲಾಶಿಲೆಯ ಅಥವಾ ಕಪ್ಪು ಗಾಜುಶಿಲೆಯ ಪಾಪೆಯನ್ನು ಕೂರಿಸಲಾಗುತ್ತಿತ್ತು. ಕಣ್ಣು ಕೂಡಿದಾಗ ಶಿಲೆ 'ಜೀವಂತ ಮುಖ'ವಾಗುತ್ತದೆ ಎಂಬುದು ಆ ಜನರ ತಿಳಿವಳಿಕೆ.

ಕನ್ನಡದ ಓದುಗರಿಗೆ ಇಲ್ಲಿ ನೇತ್ರೋನ್ಮೀಲನದ ನೆನಪಾಗುವುದು ಸಹಜ. ಕಡೆದ ವಿಗ್ರಹಕ್ಕೆ ಪ್ರತಿಷ್ಠಾಪನೆಯ ಸಂದರ್ಭದಲ್ಲಿ ಕಣ್ಣು ತೆರೆಸುವ ವಿಧಿಯೊಂದಿಗೆ ಅದು ಶಿಲ್ಪದ ಸ್ಥಿತಿಯಿಂದ ಮೂರ್ತಿಯ ಸ್ಥಿತಿಗೆ ಬರುತ್ತದೆ. ಈ ಎರಡು ಪರಂಪರೆಗಳ ನಡುವೆ ಚಾರಿತ್ರಿಕ ಸಂಪರ್ಕವಿತ್ತೆಂದು ಹೇಳುವುದು ಸರಿಯಲ್ಲ. ಅಂತಹ ಊಹೆಗಳಿಂದ ತೌಲನಿಕ ಅಧ್ಯಯನಕ್ಕೆ ಆಗಿರುವ ಹಾನಿಯೇ ಹೆಚ್ಚು. ಆದರೆ ನೇತ್ರೋನ್ಮೀಲನವನ್ನು ಬಲ್ಲ ಓದುಗನಿಗೆ ಒಂದು ಅನುಕೂಲವಿದೆ. ವಿಗ್ರಹದ ಕಣ್ಣು ನೋಡಿಸಿಕೊಳ್ಳುವ ಅಂಗವಲ್ಲ, ನೋಡುವ ಅಂಗ ಎಂಬುದು ಅವನಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ದರ್ಶನವೆಂದರೆ ಎರಡು ಕಡೆಯ ನೋಟ.

ಈ ನೆಲೆಯಿಂದ ಮೋ-ಐಯ ಕಪ್ಪು ಕನ್ನಡಕವನ್ನು ಗಮನಿಸಬೇಕು. ಮೇಲ್ನೋಟಕ್ಕೆ ಅದೊಂದು ಹಾಸ್ಯದ ಆಭರಣ. ಆದರೆ ಆಟದ ವ್ಯವಸ್ಥೆಯಲ್ಲಿ ಅದು ಮಾಡುವ ಕೆಲಸ ಬೇರೆ. ವಿಗ್ರಹಕ್ಕೆ ಅಪೂರ್ವವಾದ ದೃಷ್ಟಿಯಿದೆ ಎಂಬುದನ್ನು ಆಟ ಒಪ್ಪುತ್ತದೆ. ಇತರರಿಗೆ ಕಾಣದ ಹಾದಿ ಅದಕ್ಕೆ ಕಾಣುತ್ತದೆ. ಆ ಮಟ್ಟಿಗೆ ಮೂಲದ ನಂಬಿಕೆಯ ನೆರಳು ಇಲ್ಲಿ ಉಳಿದಿದೆ. ಆದರೆ ಆ ದೃಷ್ಟಿ ಯಾರಿಗಾಗಿ ಎಂಬ ಪ್ರಶ್ನೆಯಲ್ಲಿ ಎಲ್ಲವೂ ಬದಲಾಗುತ್ತದೆ. ಜಗಲಿಯ ಮೇಲಿನ ವಿಗ್ರಹ ತನ್ನ ಜನರನ್ನು ನೋಡುತ್ತಿತ್ತು. ಆಟದ ವಿಗ್ರಹದ ಕಣ್ಣಿಗೆ ತನ್ನವರೆಂಬ ಜನರಿಲ್ಲ. ಅದರ ನೋಟ ಆಟಗಾರನಿಗೆ ಬೇಕಾದ ಸಲಕರಣೆ. ಅವನು ಒಳಗೆ ಸೇರಿದಾಗ ಕೆಲಸಕ್ಕೆ ಬರುತ್ತದೆ, ಹೊರಗೆ ಬಂದಾಗ ಅದರ ಉಪಯೋಗ ಮುಗಿಯುತ್ತದೆ.

5

ಮಾರಿಯೋನ ಈ ಶಕ್ತಿಯನ್ನು ಹೆಸರಿಸಲು ಕನ್ನಡದಲ್ಲಿ ಸಿದ್ಧವಾದ ಪದವೊಂದಿದೆ: ಪರಕಾಯ ಪ್ರವೇಶ. ಆದರೆ ಪದವನ್ನು ಅನ್ವಯಿಸಿದೊಡನೆ ಎರಡರ ಅಂತರವೂ ಗೋಚರವಾಗುತ್ತದೆ. ಶಂಕರಾಚಾರ್ಯರ ಚರಿತ್ರೆಗಳಲ್ಲಿ ಬರುವ ಅಮರುಕ ರಾಜನ ಪ್ರಸಂಗವನ್ನು ನೆನೆಯಬಹುದು. ಅಲ್ಲಿ ಪ್ರವೇಶ ನಡೆಯುವುದು ಮೃತ ರಾಜನ ದೇಹಕ್ಕೆ. ಜೀವ ತೊರೆದುಹೋದ ದೇಹ ಅದು. ಪ್ರವೇಶಿಸಿದವನ ಸ್ವಂತ ದೇಹವನ್ನು ಶಿಷ್ಯರು ಕಾಯುತ್ತಾರೆ. ಪ್ರವೇಶಕ್ಕೆ ಉದ್ದೇಶವಿದೆ, ಅವಧಿಯಿದೆ. ಅಲ್ಲಿಯೇ ಮೈಮರೆತು ಉಳಿದುಬಿಡುವ ಅಪಾಯವನ್ನು ಕತೆ ಗಂಭೀರವಾಗಿ ಪರಿಗಣಿಸುತ್ತದೆ. ಕರ್ನಾಟಕದ ಹಲವೆಡೆ ಕಂಡುಬರುವ, ದೈವ 'ಮೈಮೇಲೆ ಬರುವ' ಆಚರಣೆಯಲ್ಲಿ ಪ್ರವೇಶ ಜೀವಂತ ದೇಹಕ್ಕೇ ನಡೆಯುತ್ತದೆ ನಿಜ. ಆದರೆ ಪಾತ್ರಿ ಅದಕ್ಕಾಗಿ ವ್ರತ ಹಿಡಿದು ಸಿದ್ಧನಾಗುತ್ತಾನೆ, ಸಮುದಾಯ ಅದಕ್ಕೆ ಸಾಕ್ಷಿಯಾಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಇನ್ನೊಂದು ದೇಹದೊಳಗೆ ಹೋಗುವುದು ನಿಯಮಬದ್ಧವಾದ ಕ್ರಿಯೆ. ಅದರಲ್ಲಿ ಒಪ್ಪಿಗೆಯ ಅಥವಾ ಒಪ್ಪಿಗೆ ಅನಗತ್ಯವಾಗುವ ಸ್ಥಿತಿಯ ಪ್ರಶ್ನೆಗೆ ಉತ್ತರ ಅಡಕವಾಗಿದೆ.

ಮಾರಿಯೋನ ಪ್ರವೇಶದಲ್ಲಿ ಈ ಪ್ರಶ್ನೆಯೇ ಇಲ್ಲ. ಎದುರಿನ ಜೀವಿ ಬದುಕಿದೆ, ಎಚ್ಚರದಲ್ಲಿದೆ, ಒಪ್ಪಿಲ್ಲ. ಆಟದ ಹೆಚ್ಚಿನ ಜೀವಿಗಳ ವಿಷಯದಲ್ಲಿ ಈ ಒಪ್ಪದಿರುವಿಕೆ ಆಟಗಾರನ ಗಮನಕ್ಕೆ ಬರುವುದಿಲ್ಲ. ಕೆಲವು ಜೀವಿಗಳು ಮಾರಿಯೋನ ಮೇಲೆ ಎರಗಿ ಬರುವ ಶತ್ರುಗಳಾದ್ದರಿಂದ ವಶಪಡಿಸಿಕೊಳ್ಳುವುದು ಆತ್ಮರಕ್ಷಣೆಯಂತೆ ತೋರುತ್ತದೆ. ಮತ್ತೆ ಕೆಲವು ಏನೂ ಮಾಡದೆ ಸುಮ್ಮನಿರುತ್ತವೆ. ಮೋ-ಐ ಈ ಎರಡೂ ಗುಂಪಿಗೆ ಸೇರುವುದಿಲ್ಲ. ಅದು ಯಾರನ್ನೂ ಘಾಸಿಗೊಳಿಸುವುದಿಲ್ಲ, ಆದರೆ ಬೇಡವೆಂಬುದನ್ನು ಓಡಿ ತಿಳಿಸುತ್ತದೆ. ಆದುದರಿಂದಲೇ ಈ ಸಣ್ಣ ಪಾತ್ರ ಇಡೀ ಆಟದ ನೀತಿಯನ್ನು ಪರೀಕ್ಷೆಗೆ ಒಡ್ಡುತ್ತದೆ. ಶತ್ರುವಲ್ಲದ, ಒಪ್ಪದ ಜೀವಿಯ ದೇಹವನ್ನು ಬಳಸಿಕೊಳ್ಳುವುದು ಹೇಗೆ ನ್ಯಾಯ? ಆಟ ಈ ಪ್ರಶ್ನೆಗೆ ಉತ್ತರಿಸದೆ, ಓಟವನ್ನು ನಾಚಿಕೆಯೆಂದು ಹೆಸರಿಸಲು ಅನುವು ಮಾಡಿಕೊಡುತ್ತದೆ. ನಾಚಿಕೆ ಎಂದೊಡನೆ ನಿರಾಕರಣೆಯು ಸ್ವಭಾವದ ಲೋಪವಾಗುತ್ತದೆ. ನಾಚುವವರನ್ನು ಸ್ವಲ್ಪ ಒತ್ತಾಯಿಸಬಹುದು, ಅದರಿಂದ ಅವರಿಗೂ ಒಳಿತೇ ಎಂಬ ಧೋರಣೆ ಅದರ ಹಿಂದೆಯೇ ಬರುತ್ತದೆ. ಹೆಣ್ಣಿನ ಮೌನವನ್ನು 'ನಾಚಿಕೆ'ಯೆಂದೂ ನಾಚಿಕೆಯನ್ನು ಸಮ್ಮತಿಯೆಂದೂ ಓದಿದ ಕಾವ್ಯಪರಂಪರೆಯನ್ನು ಸ್ತ್ರೀವಾದಿ ವಿಮರ್ಶೆ ಪ್ರಶ್ನಿಸಿದ ಕ್ರಮ ಇಲ್ಲಿ ನೇರವಾಗಿ ನೆರವಿಗೆ ಬರುತ್ತದೆ.

6

ಈ ಓದಿಗೆ ಎದುರಾಗಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಮಕ್ಕಳು ನಗುತ್ತ ಆಡುವ ಆಟದ ಮೇಲೆ ಚರಿತ್ರೆಯ ಇಷ್ಟೊಂದು ಭಾರ ಹೇರುವುದು ಅತಿಯೋದು ಎಂಬುದು. ಆದರೆ ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಕೃತಿಯೊಂದು ಒಂದು ಜನಾಂಗದ ಪೂರ್ವಜರ ಮುಖವನ್ನು ಎಳೆಯರಿಗೆ ಮೊದಲ ಬಾರಿ ಪರಿಚಯಿಸುವುದಾದರೆ, ಆ ಪರಿಚಯದ ಸ್ವರೂಪವನ್ನು ಕೇಳುವುದು ಅತಿಯೋದಲ್ಲ. ಮೊಬೈಲ್ ಫೋನುಗಳಲ್ಲಿ ಕನ್ನಡಿಗರೂ ಬಳಸುವ ಕಲ್ಲುಮುಖದ ಪುಟ್ಟ ಚಿತ್ರಸಂಕೇತವನ್ನೇ ನೋಡಬಹುದು. 2010ರಲ್ಲಿ ಯೂನಿಕೋಡ್‌ಗೆ ಸೇರಿದ ಅದರ ಅಧಿಕೃತ ಹೆಸರು 'ಮೊಯಾಯಿ'. ಅದು ಟೋಕಿಯೋದ ಶಿಬುಯಾದಲ್ಲಿ 1980ರಿಂದ ಇರುವ, ನೀಜಿಮಾ ದ್ವೀಪದವರು ಕೊಡುಗೆಯಾಗಿ ನೀಡಿದ ಶಿಲ್ಪದ ಹೆಸರು. ರಾಪಾ ನುಯಿ ಮುಖವನ್ನು ದಿನನಿತ್ಯ ಕಳುಹಿಸುವವರಿಗೆ ಆ ಹೆಸರಿನ ಜಪಾನಿ ತಿರುವಾಗಲಿ ದ್ವೀಪದ ಚರಿತ್ರೆಯಾಗಲಿ ತಿಳಿದಿರಬೇಕಾಗಿಲ್ಲ. ರೂಪ ಮೂಲದಿಂದ ಬಿಡಿಸಿಕೊಂಡು ಸಂಚರಿಸುವ ಬಗೆ ಇದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಹಿಂದಿನ ಆಟಗಳಿಗೆ ಹೋಲಿಸಿದರೆ ಮೋ-ಐ ಒಂದು ಮುನ್ನಡೆಯಲ್ಲವೇ? 1985ರ 'ಗ್ರೇಡಿಯಸ್' ಆಟದಲ್ಲಿ ಮೊಆಯಿಗಳು ಬಾಯಿಂದ ಉಂಗುರಗಳನ್ನು ಉಗುಳುವ ಶತ್ರುಗಳು, ಅವುಗಳನ್ನು ಗುಂಡಿಟ್ಟು ಒಡೆಯಬೇಕು. 1989ರ 'ಸೂಪರ್ ಮಾರಿಯೋ ಲ್ಯಾಂಡ್' ಆಟದ ಈಸ್ಟನ್ ಎಂಬ ರಾಜ್ಯದಲ್ಲಿಯೂ ಅವು ಓಡುವ, ಹಾರುವ ಶತ್ರುಗಳೇ. 2017ರಲ್ಲಿ ಅದೇ ರೂಪ ಭಯಪಡುವ, ಮುದ್ದಾದ, ನಿರುಪದ್ರವಿ ಜೀವಿಯಾಗಿದೆ. ಇದು ನಿಜ, ಮತ್ತು ಇದನ್ನು ಮಾನ್ಯ ಮಾಡಬೇಕು. ಕಲ್ಲಿಗೆ ಭಾವವಿದೆಯೆಂದು ಕಲ್ಪಿಸಿದ ವಿನ್ಯಾಸಕಾರರಲ್ಲಿ ಒಂದು ಬಗೆಯ ಪ್ರೀತಿಯಿದೆ. ಮೂವತ್ತೆರಡು ವರ್ಷಗಳಲ್ಲಿ ಶತ್ರುವಿನಿಂದ ಸಾಧುವಿನವರೆಗೆ ಬಂದ ಈ ಪಾತ್ರ ತನ್ನ ಒಡೆತನದ ಪ್ರಶ್ನೆಯಲ್ಲಿ ಮಾತ್ರ ಎಲ್ಲಿತ್ತೋ ಅಲ್ಲಿಯೇ ಇದೆ. ಆಗ ಅದನ್ನು ಒಡೆಯಲಾಗುತ್ತಿತ್ತು, ಈಗ ಬಳಸಲಾಗುತ್ತಿದೆ. ಪ್ರೀತಿ ಹೆಚ್ಚಾದ ಮಾತ್ರಕ್ಕೆ ಕೇಳಿಕೊಳ್ಳುವ ಕ್ರಮ ಬಂದಂತಾಗುವುದಿಲ್ಲ.

ಮೂರನೆಯದಾಗಿ, ಜಪಾನಿಗೂ ರಾಪಾ ನುಯಿಗೂ ನಡುವೆ ಇರುವ ಸಂಬಂಧ ಬರಿಯ ಬಳಕೆಯದಲ್ಲ ಎಂಬುದನ್ನು ನೆನಪಿಡಬೇಕು. 1960ರ ಚಿಲಿಯ ಮಹಾಭೂಕಂಪದಿಂದ ಎದ್ದ ಸುನಾಮಿ ಆಹು ತೊಂಗರಿಕಿಯ ವಿಗ್ರಹಗಳನ್ನು ಚೆಲ್ಲಾಪಿಲ್ಲಿ ಮಾಡಿತು, ಅದೇ ಅಲೆಗಳು ಪೆಸಿಫಿಕ್ ದಾಟಿ ಜಪಾನಿನ ತೀರವನ್ನೂ ಅಪ್ಪಳಿಸಿದವು. 1990ರ ದಶಕದಲ್ಲಿ ತೊಂಗರಿಕಿಯ 15 ವಿಗ್ರಹಗಳು ಮತ್ತೆ ನಿಂತಾಗ ಜಪಾನಿನ ತದಾನೋ ಸಂಸ್ಥೆಯ ಕ್ರೇನ್ ಅದಕ್ಕೆ ನೆರವಾಯಿತು. 1960ರ ನೆನಪಿಗಾಗಿ ಜಪಾನಿನ ಮಿನಾಮಿಸನ್‌ರಿಕು ಪಟ್ಟಣದಲ್ಲಿ ಚಿಲಿಯಿಂದ ಬಂದ ಮೊಆಯಿಯೊಂದನ್ನು ನಿಲ್ಲಿಸಲಾಗಿತ್ತು. 2011ರ ಸುನಾಮಿ ಅದನ್ನೂ ಕೆಡವಿತು. 2013ರಲ್ಲಿ ರಾಪಾ ನುಯಿಯ ಶಿಲ್ಪಿಗಳು ತಮ್ಮ ದ್ವೀಪದ ಕಲ್ಲಿನಲ್ಲಿಯೇ ಹೊಸ ವಿಗ್ರಹವನ್ನು ಕಡೆದು ಆ ಪಟ್ಟಣಕ್ಕೆ ಕಳುಹಿಸಿಕೊಟ್ಟರು. ಅದಕ್ಕೆ ಕಣ್ಣುಗಳೂ ಇವೆ.

ಈ ಉದಾಹರಣೆಯೇ ಇಡೀ ಚರ್ಚೆಗೆ ಅಳತೆಗೋಲು. ಮಿನಾಮಿಸನ್‌ರಿಕುವಿನ ಮೊಆಯಿ ತನ್ನ ನೆಲದಿಂದ ಸಾವಿರಾರು ಮೈಲಿ ದೂರದಲ್ಲಿದೆ, ಲಂಡನ್ನಿನ ಹೋಆ ಹಕನನೈಆ ಕೂಡ ದೂರದಲ್ಲಿದೆ. ಮೊದಲನೆಯದರ ಬಗ್ಗೆ ದ್ವೀಪದ ಜನರಿಗೆ ದೂರಿಲ್ಲ, ಅವರೇ ಕೊಟ್ಟದ್ದು ಅದು. ಎರಡನೆಯದಕ್ಕಾಗಿ ದ್ವೀಪದ ನಿಯೋಗ 2018ರ ನವೆಂಬರ್‌ನಲ್ಲಿ ಲಂಡನ್ನಿಗೆ ಹೋಗಿ ಕೇಳಿಕೊಂಡಿತು. ಅಂದರೆ ರೂಪ ಬೇರೆಡೆಗೆ ಹೋಗಬಾರದು, ಪವಿತ್ರವಾದುದನ್ನು ಯಾರೂ ಮುಟ್ಟಬಾರದು ಎಂಬ ಮಡಿವಂತಿಕೆ ಇಲ್ಲಿನ ವಾದವಲ್ಲ. ಕೊಡುವ ಹಕ್ಕು ಯಾರದು ಎಂಬುದಷ್ಟೇ ಪ್ರಶ್ನೆ. ಆಟ ಬಿಡುಗಡೆಯಾದ ಮರುತಿಂಗಳೇ, 2017ರ ನವೆಂಬರ್‌ನಲ್ಲಿ, ವಿಗ್ರಹಗಳಿರುವ ರಾಷ್ಟ್ರೀಯ ಉದ್ಯಾನದ ಆಡಳಿತವನ್ನು ಚಿಲಿ ಸರ್ಕಾರ ರಾಪಾ ನುಯಿ ಜನರ 'ಮಾಉ ಹೆನುಆ' ಸಮುದಾಯ ಸಂಸ್ಥೆಗೆ ಹಸ್ತಾಂತರಿಸಿತು. ಶಿಲೆಯ ಮೇಲಿನ ಹಕ್ಕನ್ನು ಒಂದು ಜನ ಮರಳಿ ಪಡೆಯುತ್ತಿದ್ದ ವರ್ಷವೇ ಅದರ ರೂಪದ ಮೇಲಿನ ಹಿಡಿತ ಹೊಸ ತಂತ್ರಜ್ಞಾನದೊಳಗೆ ಅವರ ಕೈ ತಪ್ಪುತ್ತಿತ್ತು. ಇದನ್ನು ಕಾಕತಾಳೀಯವೆನ್ನಬಹುದು, ಆದರೆ ಅಮುಖ್ಯವೆನ್ನಲಾಗದು.

7

ಕಾದಂಬರಿ ಓದುಗನಿಗೆ ಪಾತ್ರದ ಒಳಗನ್ನು ತೋರಿಸುತ್ತದೆ, ಆಟ ಆಟಗಾರನನ್ನು ಪಾತ್ರದ ಒಳಗೇ ಕೂರಿಸುತ್ತದೆ. ಈ ವ್ಯತ್ಯಾಸ ಆಟವನ್ನು ಕಡಿಮೆ ಗಂಭೀರವಾದ ಪಠ್ಯವಾಗಿಸುವುದಿಲ್ಲ, ಅದರ ಹೊಣೆಯನ್ನು ಹೆಚ್ಚಿಸುತ್ತದೆ. ಮೋ-ಐಯನ್ನು ಬೆನ್ನಟ್ಟುವ ಬೆರಳು ಓದುವ ಕಣ್ಣಿಗಿಂತ ಹೆಚ್ಚು ಪಾಲುದಾರ. ಆ ಪಾಲುದಾರಿಕೆಯನ್ನು ವಿವರಿಸುವ ಪರಿಭಾಷೆಗಾಗಿ ಕನ್ನಡ ಸಂಶೋಧಕರು ಪೂರ್ತಿಯಾಗಿ ಹೊರಗಿನ ಸಿದ್ಧಾಂತಗಳನ್ನು ಅವಲಂಬಿಸಬೇಕಾಗಿಲ್ಲ. ಪರಕಾಯ ಪ್ರವೇಶ, ಮೈಮೇಲೆ ಬರುವಿಕೆ, ನೇತ್ರೋನ್ಮೀಲನ, ದರ್ಶನ ಮುಂತಾದ ಪರಿಕಲ್ಪನೆಗಳು ಕೈಯಲ್ಲಿಯೇ ಇವೆ. ಅವುಗಳನ್ನು ಹೆಮ್ಮೆಯ ಪಟ್ಟಿಯಾಗಿ ಅಲ್ಲದೆ ವಿಶ್ಲೇಷಣೆಯ ಉಪಕರಣಗಳಾಗಿ ಬಳಸಿದಾಗ, ದೂರದ ಸಾಗರದ ಚರಿತ್ರೆಯೊಂದು ಹತ್ತಿರದಿಂದ ಕಾಣುತ್ತದೆ.

ಇದಕ್ಕಾಗಿ ಆಟವನ್ನು ನಿಷೇಧಿಸಬೇಕಾಗಿಲ್ಲ, ಆಡುವವರನ್ನು ನಿಂದಿಸಬೇಕಾಗಿಯೂ ಇಲ್ಲ. ಕುಂಟೆಬಿಲ್ಲೆಯ ನಿಯಮಗಳನ್ನು ಬರೆದಿಟ್ಟುಕೊಂಡ ಶ್ರದ್ಧೆಯಿಂದಲೇ ಈ ಹೊಸ ಆಟಗಳ ನಿಯಮಗಳನ್ನೂ ಬರೆದುಕೊಂಡು, ಅವು ಯಾವುದನ್ನು ಕಳ್ಳತನವೆಂದೂ ಯಾವುದನ್ನು ಕೌಶಲವೆಂದೂ ಕರೆಯುತ್ತವೆ ಎಂದು ಕೇಳಿದರೆ ಸಾಕು. ಮೋ-ಐ ಎಂಬ ಶಿಲೆ ಆಟದುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಹತ್ತಿರ ಬಂದವರಿಂದ ಓಡುತ್ತದೆ, ಅಷ್ಟೆ. ಆ ಓಟವನ್ನು ಅದರ ಮಾತೆಂದು ಎಣಿಸುವುದು ವಿಮರ್ಶೆಯ ಪಾಲಿಗೆ ಬಂದಿರುವ ಕೆಲಸ.